ವರದಿಯಲ್ಲಿ ‘ಅಟಾಕ್ಸಿಯಾ’ ಎಂದು ಬರೆದಿದ್ದರೆ ಅದನ್ನು ಓದುವುದು ಹೇಗೆ, ಮುಂದೆ ಮಾಡಬೇಕಾದದ್ದೇನು

ಅಟಾಕ್ಸಿಯಾ ಎನ್ನುವುದು ಜ್ವರ ಎನ್ನುವ ಹಾಗೆ ಒಂದು ಲಕ್ಷಣದ ಹೆಸರು. ಚೀಟಿಯಲ್ಲಿ ಜ್ವರ ಎಂದು ಬರೆದಿದ್ದರೆ ಅದು ಟೈಫಾಯ್ಡೋ, ಡೆಂಗಿಯೋ, ಮಲೇರಿಯಾವೋ ಎಂಬುದು ಇನ್ನೂ ಗೊತ್ತಾಗಬೇಕಿದೆ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಡಿಸ್ಚಾರ್ಜ್ ಸಮ್ಮರಿಯಲ್ಲಿ ಅಟಾಕ್ಸಿಯಾ ಎಂಬ ಅಪರಿಚಿತ ಪದ ಕಂಡ ಕೂಡಲೇ ಅದನ್ನೇ ಕಾಯಿಲೆಯೆಂದು ನಂಬಿ, ಮೊಬೈಲಿನಲ್ಲಿ ಹುಡುಕಿ, ಮೊದಲು ಸಿಕ್ಕಿದ ವಂಶವಾಹಿ ರೋಗವನ್ನು ಮನೆಯವರ ತಲೆಗೆ ಕಟ್ಟಿಕೊಂಡು ಕೂರುವುದು ಸಾಮಾನ್ಯ. ನಮ್ಮ ಮನೆಯಲ್ಲೂ ಅದೇ ಆಯಿತು. ಅದನ್ನು ಮುಂದೆ ಹೇಳುತ್ತೇನೆ. ಆ ಪದವನ್ನು ವೈದ್ಯರು ತಮಗೆ ತಾವೇ ಬರೆದುಕೊಂಡ ಪ್ರಶ್ನೆ ಎಂದು ಓದಬೇಕು: ಈ ವ್ಯಕ್ತಿಯ ಚಲನೆ ಹಿಡಿತ ತಪ್ಪಿದೆ, ಏಕೆ?

ಪದ ಗ್ರೀಕ್ ಭಾಷೆಯದು. ‘ಟಾಕ್ಸಿಸ್’ ಎಂದರೆ ಕ್ರಮ, ಅಣಿ. ಸೈನ್ಯವನ್ನು ಸಾಲಾಗಿ ನಿಲ್ಲಿಸುವುದಕ್ಕೂ ಅದೇ ಮಾತು. ಮುಂದಿರುವ ‘ಅ’ ನಮ್ಮ ಅಕ್ರಮ, ಅಶಕ್ತಿಗಳಲ್ಲಿರುವ ‘ಅ’ದಂತೆಯೇ ಇಲ್ಲ ಎನ್ನುವ ಅರ್ಥದ್ದು. ಕ್ರಮ ತಪ್ಪಿದ ಸ್ಥಿತಿ ಎಂದಾಯಿತು. ಚಲನೆಯ ಅಸಮನ್ವಯ, ಸ್ನಾಯುಗಳ ಹೊಂದಾಣಿಕೆಯ ಕೊರತೆ ಎಂದೆಲ್ಲ ಕನ್ನಡದಲ್ಲಿ ಬರೆಯಬಹುದು, ತಪ್ಪೇನಿಲ್ಲ. ಆದರೆ ಹಳ್ಳಿಯ ಮನೆಗಳಲ್ಲಿ ‘ಆಯ ತಪ್ಪುತ್ತದೆ’, ‘ಜೋಲಿ ಹೊಡೆಯುತ್ತದೆ’ ಎನ್ನುವುದು ಇದಕ್ಕೆ ಇನ್ನೂ ಹತ್ತಿರವಾದ ಮಾತು ಎಂದು ನನಗೆ ಅನ್ನಿಸುತ್ತದೆ, ಏಕೆಂದರೆ ಆ ಮಾತಿನಲ್ಲಿ ಶಕ್ತಿ ಹೋಯಿತು ಎಂಬ ಸೂಚನೆ ಇಲ್ಲ. ಅಟಾಕ್ಸಿಯಾದಲ್ಲಿ ಮುಖ್ಯ ಸಂಗತಿಯೇ ಅದು. ಕೈಕಾಲಿನ ಬಲ ಬಹಳಷ್ಟು ಮಟ್ಟಿಗೆ ಉಳಿದಿರುತ್ತದೆ. ಆ ಬಲವನ್ನು ಯಾವಾಗ, ಎಷ್ಟು, ಯಾವ ಕಡೆಗೆ ಹಾಕಬೇಕು ಎಂಬ ಲೆಕ್ಕ ತಪ್ಪಿರುತ್ತದೆ.

ಹಾಗಾಗಿ ಇದನ್ನು ಲಕ್ವದೊಂದಿಗೆ ಬೆರೆಸಬಾರದು. ಲಕ್ವದಲ್ಲಿ ಕೈ ಏಳುವುದೇ ಇಲ್ಲ. ಇಲ್ಲಿ ಏಳುತ್ತದೆ, ಆದರೆ ಲೋಟದ ಪಕ್ಕಕ್ಕೆ ಹೋಗುತ್ತದೆ. ಪಾರ್ಕಿನ್ಸನ್ ಕಾಯಿಲೆಯ ನಡುಕ ಕೈ ಸುಮ್ಮನೆ ತೊಡೆಯ ಮೇಲಿರುವಾಗ ಹೆಚ್ಚು. ಇಲ್ಲಿನದು ಕೈ ಗುರಿಯನ್ನು ಸಮೀಪಿಸಿದಷ್ಟೂ ಹೆಚ್ಚು. ಇನ್ನು ‘ನರದೌರ್ಬಲ್ಯ’ ಎಂಬ ಪದವಂತೂ ನಮ್ಮಲ್ಲಿ ಎಲ್ಲ ಬೀಗಕ್ಕೂ ಹಾಕಿನೋಡುವ ಕೀಲಿಯಾಗಿದೆ. ಅದನ್ನು ಈ ವಿಷಯದಲ್ಲಿ ಪೂರ್ತಿಯಾಗಿ ಕೈಬಿಡುವುದು ಒಳ್ಳೆಯದು.

ಹಿಡಿತ ತಪ್ಪುವುದು ಎಲ್ಲಿ

ತಲೆಯ ಹಿಂಭಾಗದಲ್ಲಿ, ಕುತ್ತಿಗೆ ಸೇರುವ ಜಾಗಕ್ಕೆ ತುಸು ಮೇಲೆ, ಕಿರುಮೆದುಳು ಇದೆ. ಶಾಲೆಯ ಪುಸ್ತಕದಲ್ಲಿ ಅನುಮಸ್ತಿಷ್ಕ ಎಂದು ಓದಿರುತ್ತೀರಿ. ತೂಕದಲ್ಲಿ ಅದು ಇಡೀ ಮೆದುಳಿನ ಹತ್ತನೆಯ ಒಂದು ಪಾಲು. ಆದರೆ ಮೆದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ 6,900 ಕೋಟಿಯಷ್ಟು ಈ ಸಣ್ಣ ಭಾಗದಲ್ಲೇ ಇವೆ ಎಂಬುದು ಈಗಿನ ಅಂದಾಜು. ದೊಡ್ಡ ಮೆದುಳು ‘ಲೋಟ ಎತ್ತು’ ಎನ್ನುತ್ತದೆ. ಭುಜ, ಮೊಣಕೈ, ಮಣಿಕಟ್ಟು, ಬೆರಳು ಇವು ಯಾವ ಕ್ರಮದಲ್ಲಿ ತೊಡಗಬೇಕು, ಯಾವ ಸ್ನಾಯು ಎಲ್ಲಿ ತಡೆ ಹಾಕಬೇಕು ಎಂಬುದನ್ನು ಕಿರುಮೆದುಳು ಕ್ಷಣಕ್ಷಣವೂ ತಿದ್ದುತ್ತದೆ. ಮೊದಲ ಮಹಾಯುದ್ಧದಲ್ಲಿ ತಲೆಯ ಹಿಂಭಾಗಕ್ಕೆ ಗುಂಡು ತಗುಲಿದ ಸೈನಿಕರನ್ನು ಪರೀಕ್ಷಿಸಿ ಈ ವಿಷಯದಲ್ಲಿ ಮೂಲಭೂತ ಕೆಲಸ ಮಾಡಿದ ಗಾರ್ಡನ್ ಹೋಮ್ಸ್ ಎಂಬ ಬ್ರಿಟನ್ನಿನ ನರವೈದ್ಯರ ಬಳಿ ಒಬ್ಬ ರೋಗಿ, ಎಡಗೈ ತನ್ನಷ್ಟಕ್ಕೆ ತಾನೇ ಕೆಲಸ ಮಾಡುತ್ತದೆ, ಬಲಗೈಯ ಒಂದೊಂದು ಚಲನೆಯನ್ನೂ ಯೋಚಿಸಿ ಮಾಡಬೇಕಾಗುತ್ತದೆ ಎಂಬ ಅರ್ಥದ ಮಾತು ಹೇಳಿದ್ದ. ಅವನ ಕಿರುಮೆದುಳಿನ ಬಲಭಾಗಕ್ಕೆ ಪೆಟ್ಟಾಗಿತ್ತು. ದೊಡ್ಡ ಮೆದುಳಿನ ಎಡಭಾಗ ದೇಹದ ಬಲಭಾಗವನ್ನು ನಡೆಸಿದರೆ, ಕಿರುಮೆದುಳು ತನ್ನ ಬದಿಯನ್ನೇ ನೋಡಿಕೊಳ್ಳುತ್ತದೆ. ಸ್ಕ್ಯಾನ್ ವರದಿಯಲ್ಲಿ ಬಲ ಎಂದು ಬರೆದು, ತೊಂದರೆಯೂ ಬಲಗೈಯಲ್ಲೇ ಇದ್ದರೆ ಬರೆದವರು ತಪ್ಪು ಮಾಡಿದ್ದಾರೆಂದು ಗಾಬರಿಯಾಗಬೇಕಿಲ್ಲ.

ಆದರೆ ಕಿರುಮೆದುಳು ಸರಿ ಇದ್ದೂ ಆಯ ತಪ್ಪಬಹುದು. ಪಾದ ಎಲ್ಲಿದೆ, ಮೊಣಕಾಲು ಎಷ್ಟು ಮಡಿಸಿದೆ ಎಂಬ ಸುದ್ದಿ ಕಾಲಿನ ನರಗಳು ಮತ್ತು ಬೆನ್ನುಹುರಿಯ ಹಿಂಬದಿಯ ಹಾದಿಯಿಂದ ಮೇಲಕ್ಕೆ ಬರಬೇಕು. ತಲೆ ಯಾವ ಕಡೆ ವಾಲಿದೆ ಎಂಬುದು ಒಳಕಿವಿಯಿಂದ ಬರಬೇಕು. ಸುದ್ದಿಯೇ ಬರದಿದ್ದರೆ ಲೆಕ್ಕ ಹಾಕುವವನು ಏನು ತಾನೇ ಮಾಡಿಯಾನು? ಆದ್ದರಿಂದಲೇ ವೈದ್ಯರು ಕಿರುಮೆದುಳಿನ ಅಟಾಕ್ಸಿಯಾ, ಸಂವೇದನೆಯ ಅಟಾಕ್ಸಿಯಾ, ಒಳಕಿವಿಯ ಅಟಾಕ್ಸಿಯಾ ಎಂದು ಮೂರಾಗಿ ಬೇರ್ಪಡಿಸುತ್ತಾರೆ.

ಮನೆಯಲ್ಲಿ ಗಮನಿಸುವ ಕ್ರಮ

ಇಲ್ಲಿ ಹೇಳುವುದು ರೋಗ ಕಂಡುಹಿಡಿಯುವುದಕ್ಕಲ್ಲ, ವೈದ್ಯರ ಮುಂದೆ ಕುಳಿತಾಗ ‘ಸುಸ್ತು, ಅಷ್ಟೇ’ ಎನ್ನುವುದರ ಬದಲು ಕೆಲಸಕ್ಕೆ ಬರುವ ಮಾತು ಹೇಳುವುದಕ್ಕೆ. ಏನೇ ಮಾಡಿಸುವಾಗಲೂ ಒಬ್ಬರು ಪಕ್ಕದಲ್ಲೇ, ಕೈಗೆ ಸಿಗುವಷ್ಟು ಹತ್ತಿರ ನಿಂತಿರಬೇಕು.

ಮೊದಲು ನಡಿಗೆ. ಹಿಂದಿನಿಂದ ನೋಡಿ: ಪಾದಗಳ ನಡುವಿನ ಅಂತರ ಅಗಲವಾಗಿದೆಯೇ, ಒಂದು ಹೆಜ್ಜೆ ಉದ್ದ ಒಂದು ಗಿಡ್ಡ ಬೀಳುತ್ತಿದೆಯೇ, ತಿರುಗುವಾಗ ಗೋಡೆ ಹುಡುಕುತ್ತಾರೆಯೇ. ನೇರ ನಡಿಗೆಯಲ್ಲಿ ಬಚ್ಚಿಟ್ಟುಕೊಳ್ಳುವ ಅಟಾಕ್ಸಿಯಾ ತಿರುವಿನಲ್ಲಿ ಸಿಕ್ಕಿಬೀಳುತ್ತದೆ. ಆಮೇಲೆ ನೆಲದ ಟೈಲ್ಸ್ ಗೆರೆಯ ಮೇಲೆ, ಮುಂದಿನ ಪಾದದ ಹಿಮ್ಮಡಿ ಹಿಂದಿನ ಪಾದದ ಹೆಬ್ಬೆರಳಿಗೆ ತಾಗುವಂತೆ ಹತ್ತು ಹೆಜ್ಜೆ ನಡೆಸಿ. ಗದ್ದೆಯ ಬದುವಿನ ಮೇಲೆ ನಡೆದು ರೂಢಿಯಿರುವವರು ಅದನ್ನು ಇತ್ತೀಚೆಗೆ ತಪ್ಪಿಸುತ್ತಿದ್ದಾರೆಯೇ ಎಂದು ಕೇಳಿದರೆ ಇನ್ನೂ ಒಳ್ಳೆಯ ಉತ್ತರ ಸಿಗುತ್ತದೆ. ಮಂಡಿನೋವಿರುವ ವಯಸ್ಸಾದವರು ಇದರಲ್ಲಿ ಹೇಗೂ ತಡವರಿಸುತ್ತಾರೆ ಎಂಬುದನ್ನು ಮರೆಯಬಾರದು.

ಬಳಿಕ ಕೈ. ನಿಮ್ಮ ತೋರುಬೆರಳನ್ನು ಅವರಿಂದ ಒಂದು ತೋಳಿನಷ್ಟು ದೂರ ಹಿಡಿದು, ಅವರ ಮೂಗನ್ನೂ ನಿಮ್ಮ ಬೆರಳನ್ನೂ ಒಂದಾದ ಮೇಲೊಂದು ಮುಟ್ಟಲು ಹೇಳಿ. ನೋಡಬೇಕಾದದ್ದು ಕೊನೆಯ ಎರಡು ಅಂಗುಲವನ್ನು. ಅಲ್ಲಿಯವರೆಗೆ ನೆಟ್ಟಗೆ ಬಂದ ಬೆರಳು ಗುರಿಯ ಹತ್ತಿರ ಅತ್ತಿತ್ತ ತೊನೆಯುತ್ತದೆ, ಅಥವಾ ಗುರಿ ದಾಟಿ ಹೋಗುತ್ತದೆ. ಅಡುಗೆಮನೆಯಲ್ಲಿ ಇದೇ ಸಂಗತಿ ಬೇರೆ ವೇಷದಲ್ಲಿ ಕಾಣುತ್ತದೆ: ರಂಗೋಲಿಯ ಗೆರೆ ಚುಕ್ಕಿಯಲ್ಲಿ ನಿಲ್ಲದೆ ಮುಂದೆ ಓಡುತ್ತದೆ, ಕೀಲಿ ಬೀಗದ ಸುತ್ತ ತಡಕಾಡುತ್ತದೆ, ಕಾಫಿ ಲೋಟ ತುಂಬ ಹಾಕಬೇಡ ಎಂದು ಅವರೇ ಹೇಳತೊಡಗುತ್ತಾರೆ. ನಾಲ್ಕೈದು ತಿಂಗಳಿಂದ ಅನ್ನ ಕಲಸಿ ತುತ್ತು ಬಾಯಿಗಿಡುವುದು ನಿಧಾನವಾಗಿದ್ದರೆ ಅದನ್ನೂ ಬರೆದಿಟ್ಟುಕೊಳ್ಳಿ. ಚಮಚ ಬಳಸುವವರಿಗಿಂತ ಕೈಯಲ್ಲಿ ಉಣ್ಣುವವರಲ್ಲಿ ಇದು ಬೇಗ ತಿಳಿಯುತ್ತದೆ ಎಂಬುದು ನನ್ನ ಅನಿಸಿಕೆ.

ಮಾತು ಮತ್ತೊಂದು ಸುಳಿವು. ಒಂದರಿಂದ ಇಪ್ಪತ್ತರವರೆಗೆ ಎಣಿಸಲು ಹೇಳಿ, ಕಣ್ಣು ಮುಚ್ಚಿ ಕೇಳಿ. ಅಕ್ಷರಗಳನ್ನು ಬಿಡಿಬಿಡಿಯಾಗಿ ಎತ್ತಿಟ್ಟಂತೆ, ಒಂದು ಅಕ್ಷರ ಜೋರಾಗಿ ಮತ್ತೊಂದು ಮೆತ್ತಗೆ ಬಂದರೆ ಅದು ಗಮನಿಸಬೇಕಾದದ್ದು. ಕುಡಿದವರ ಮಾತಿನಂತೆ ಕೇಳಿಸುವುದಕ್ಕೆ ಕಾರಣವೂ ಇದೆ. ಮದ್ಯ ಅಮಲೇರಿಸುವಾಗ ತಾತ್ಕಾಲಿಕವಾಗಿ ಕೆಡಿಸುವುದು ಇದೇ ಕಿರುಮೆದುಳನ್ನು.

ಇನ್ನು ಬಚ್ಚಲುಮನೆ. ಚೊಂಬಿನಿಂದ ತಲೆಯ ಮೇಲೆ ನೀರು ಸುರಿದುಕೊಳ್ಳುವಾಗ ಎಲ್ಲರೂ ಕಣ್ಣು ಮುಚ್ಚುತ್ತಾರೆ. ಆ ಹೊತ್ತಿಗೆ ಗೋಡೆ ಹಿಡಿಯಬೇಕಾಗುತ್ತದೆ, ಸೋಪು ಹಚ್ಚಿಕೊಂಡು ಮುಖ ತೊಳೆಯುವಾಗ ಮುಂದಕ್ಕೆ ವಾಲುತ್ತೇನೆ, ಕರೆಂಟು ಹೋದರೆ ಹೆಜ್ಜೆ ಇಡಲಾಗುವುದಿಲ್ಲ ಎಂದು ಹೇಳುವವರಲ್ಲಿ ಕಾಲಿನಿಂದ ಬರಬೇಕಾದ ಸುದ್ದಿಯೇ ಕಡಿಮೆಯಾಗಿರಬಹುದು. ಅಲ್ಲಿಯವರೆಗೆ ಕಣ್ಣು ಆ ಕೊರತೆಯನ್ನು ತುಂಬುತ್ತಿತ್ತು. ಇದಕ್ಕೆ ಜೋಡಿಯಾಗಿ ನಮ್ಮ ನರವೈದ್ಯರು ಕೇಳುವ ಒಂದು ಪ್ರಶ್ನೆ ನನಗೆ ಬಹಳ ಹಿಡಿಸಿದೆ: ನಡೆಯುವಾಗ ಚಪ್ಪಲಿ ಕಳಚಿಹೋದರೆ ಗೊತ್ತಾಗುತ್ತದೆಯೇ? ಗೊತ್ತಾಗಿಯೂ ಹಿಡಿದುಕೊಳ್ಳಲಾಗದಿದ್ದರೆ ಪಾದದ ಶಕ್ತಿ ಕಡಿಮೆ. ಹತ್ತು ಮಾರು ಹೋದ ಮೇಲೆ ಯಾರೋ ಕೂಗಿ ಹೇಳಿದಾಗ ಗೊತ್ತಾದರೆ ಸ್ಪರ್ಶದ ಅರಿವು ಕಡಿಮೆ. ಎರಡು ರೂಪಾಯಿಯ ಖರ್ಚೂ ಇಲ್ಲದ ಪರೀಕ್ಷೆ. ಮಲಗಿದ್ದಲ್ಲಿ ಹೊರಳಿದರೆ ಕೋಣೆಯೇ ಗಿರ್ರನೆ ತಿರುಗುತ್ತದೆ, ವಾಕರಿಕೆ ಬರುತ್ತದೆ, ಆದರೆ ಕೈ ಬರಹ ಮತ್ತು ಮಾತು ಮೊದಲಿನಂತೆಯೇ ಇವೆ ಎಂದಾದರೆ ಒಳಕಿವಿಯ ಕಡೆಗೆ ಗಮನ ಹೋಗುತ್ತದೆ.

ವರದಿಯ ಇತರ ಪದಗಳು

ಅಟಾಕ್ಸಿಯಾದ ಅಕ್ಕಪಕ್ಕ ಬರುವ ಪದಗಳು ಹೆದರಿಸುವಂತಿದ್ದರೂ ಮೇಲೆ ನೋಡಿದ ಸಂಗತಿಗಳೇ ಅವು. ‘ಗೇಟ್ ಅಟಾಕ್ಸಿಯಾ’ ಎಂದರೆ ನಡಿಗೆಯದು, ‘ಟ್ರಂಕಲ್’ ಎಂದರೆ ಕುಳಿತಲ್ಲೇ ಮೈ ತೂಗುವಂಥದು, ‘ಲಿಂಬ್’ ಎಂದರೆ ಕೈಕಾಲಿನದು. ಗುರಿಗಿಂತ ಮುಂದೆ ಅಥವಾ ಹಿಂದೆ ಬೆರಳು ಬೀಳುವುದು ‘ಡಿಸ್ಮೆಟ್ರಿಯಾ’. ಅಂಗೈಯನ್ನು ತೊಡೆಯ ಮೇಲೆ ಬೇಗಬೇಗ ಮಗುಚಿ ಹಾಕಲಾಗದಿರುವುದು ‘ಡಿಸ್‌ಡಯಾಡೊಕೊಕೈನೇಸಿಯಾ’. ಈ ಪದವನ್ನು ಒಂದೇ ಉಸಿರಿಗೆ ಹೇಳುವುದೇ ಒಂದು ಪರೀಕ್ಷೆ. ‘ಡಿಸಾರ್ಥ್ರಿಯಾ’ ಮಾತಿನ ಅಸ್ಪಷ್ಟತೆ, ‘ನಿಸ್ಟ್ಯಾಗ್ಮಸ್’ ಕಣ್ಣುಗುಡ್ಡೆ ಒಂದೇ ಕಡೆ ನಿಲ್ಲದೆ ಜಗ್ಗಿ ಜಗ್ಗಿ ಚಲಿಸುವುದು.

‘ರೋಂಬರ್ಗ್ ಪಾಸಿಟಿವ್’ ಎಂಬುದನ್ನು ಮಾತ್ರ ಸ್ವಲ್ಪ ನಿಧಾನವಾಗಿ ಓದಬೇಕು. 19ನೆಯ ಶತಮಾನದ ಬರ್ಲಿನ್ ವೈದ್ಯ ಮೊರಿಟ್ಸ್ ರೋಂಬರ್ಗ್ ಅವರ ಹೆಸರಿನ ಈ ಪರೀಕ್ಷೆಯಲ್ಲಿ ಪಾದಗಳನ್ನು ಜೋಡಿಸಿ ನಿಲ್ಲಿಸಿ, ಅನಂತರ ಕಣ್ಣು ಮುಚ್ಚಿಸುತ್ತಾರೆ. ಕಣ್ಣು ತೆರೆದಿದ್ದಾಗ ಸ್ಥಿರವಾಗಿದ್ದು ಮುಚ್ಚಿದ ಮೇಲೆ ತೂರಾಡಿದರೆ ಮಾತ್ರ ಅದು ಪಾಸಿಟಿವ್. ಬಚ್ಚಲುಮನೆಯಲ್ಲಿ ಕಂಡದ್ದನ್ನೇ ಅದು ಹೇಳುತ್ತದೆ. ಕಿರುಮೆದುಳಿನ ತೊಂದರೆಯಿರುವವರು ಕಣ್ಣು ತೆರೆದಿದ್ದಾಗಲೂ ತೂರಾಡುತ್ತಾರೆ. ‘ಸಾರಾ’ ಅಂಕ ಎಂದು ಬರೆದಿದ್ದರೆ, ಅದು 2006ರಲ್ಲಿ ಪ್ರಕಟವಾದ, ನಡಿಗೆಯಿಂದ ಹಿಡಿದು ಹಿಮ್ಮಡಿಯನ್ನು ಮೊಣಕಾಲಿನ ಕೆಳಗೆ ಜಾರಿಸುವವರೆಗಿನ ಎಂಟು ಅಂಶಗಳ ಅಳತೆಗೋಲು: ಸೊನ್ನೆ ಎಂದರೆ ತೊಂದರೆಯಿಲ್ಲ, 40 ಎಂದರೆ ತೀವ್ರ. ಒಂದು ಸಲದ ಅಂಕಕ್ಕಿಂತ ಎರಡು ಭೇಟಿಗಳ ನಡುವಿನ ವ್ಯತ್ಯಾಸವೇ ಹೆಚ್ಚು ಹೇಳುತ್ತದೆ, ಆದ್ದರಿಂದ ಹಳೆಯ ಕಾಗದಗಳನ್ನು ಎಸೆಯಬೇಡಿ.

ಎಷ್ಟು ಬೇಗ ಶುರುವಾಯಿತು?

ಕಾರಣ ಹುಡುಕುವವರಿಗೆ ಇದಕ್ಕಿಂತ ದೊಡ್ಡ ಸುಳಿವಿಲ್ಲ. ನಿಮಿಷ, ಗಂಟೆಗಳಲ್ಲಿ ಬಂದ ಅಟಾಕ್ಸಿಯಾ ತುರ್ತುಸ್ಥಿತಿ. ಬೆಳಿಗ್ಗೆ ಚೆನ್ನಾಗಿಯೇ ಇದ್ದವರು ಇದ್ದಕ್ಕಿದ್ದಂತೆ ಒಂದೇ ಕಡೆಗೆ ವಾಲುತ್ತ, ತಲೆಸುತ್ತಿ, ವಾಂತಿ ಮಾಡಿಕೊಂಡು, ನಿಲ್ಲಲಾಗದೆ ಕುಳಿತರೆ ನಮ್ಮಲ್ಲಿ ಮೊದಲು ಬರುವ ಮಾತು ‘ಪಿತ್ತ ಕೆದರಿದೆ’, ಅಥವಾ ‘ಗ್ಯಾಸ್ಟ್ರಿಕ್ ಇರಬೇಕು’. ನಿಂಬೆ ಷರಬತ್ತು ಕೊಟ್ಟು ಮಲಗಿಸುತ್ತಾರೆ. ಕಿರುಮೆದುಳಿಗೆ ಹೋಗುವ ರಕ್ತನಾಳ ಕಟ್ಟಿಕೊಂಡಾಗ ಆಗುವ ಪಾರ್ಶ್ವವಾಯು (ಸ್ಟ್ರೋಕ್) ಹೀಗೆಯೇ ಕಾಣುತ್ತದೆ. ಮುಖ ಸೊಟ್ಟಗಾಗಿರುವುದಿಲ್ಲ, ಎರಡೂ ಕೈ ಎತ್ತಿದರೆ ಏಳುತ್ತವೆ, ಆದ್ದರಿಂದಲೇ ಮೋಸ ಹೋಗುವುದು. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಇರುವ ಅವಧಿ ನಾಲ್ಕೂವರೆ ಗಂಟೆ, ಅದೂ ಅವರು ಕೊನೆಯ ಬಾರಿ ಸರಿಯಾಗಿದ್ದದ್ದನ್ನು ಕಂಡ ಹೊತ್ತಿನಿಂದ. 108ಕ್ಕೆ ಕರೆ ಮಾಡಿ, ಆ ಹೊತ್ತನ್ನು ಬರೆದುಕೊಂಡು ಹೊರಡಬೇಕು. ತಲೆಯ ಹಿಂಭಾಗದ ದಪ್ಪ ಮೂಳೆಯ ನೆರಳಿನಿಂದಾಗಿ ಸಿಟಿ ಸ್ಕ್ಯಾನ್‌ನಲ್ಲಿ ಈ ಜಾಗ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ‘ಸಿಟಿ ನಾರ್ಮಲ್’ ಎಂದ ಮೇಲೂ ನಿಲ್ಲಲಾಗದಿದ್ದರೆ ಎಂಆರ್‌ಐ ಬಗ್ಗೆ ಕೇಳುವುದು ಅತಿಯಾಯಿತು ಎಂದು ಸಂಕೋಚಪಡಬೇಕಿಲ್ಲ.

ಮಕ್ಕಳಲ್ಲಿ, ಸೀತಾಳೆ ಸಿಡುಬಿನಂಥ ವೈರಸ್ ಜ್ವರ ಇಳಿದು ಕೆಲದಿನಗಳ ಮೇಲೆ ನಡಿಗೆ ತೂರಾಡತೊಡಗುವುದುಂಟು. ಬಹುಪಾಲು ಮಕ್ಕಳು ಕೆಲವು ವಾರಗಳಲ್ಲಿ ಸುಧಾರಿಸಿಕೊಳ್ಳುತ್ತಾರಾದರೂ ಹಾಗೆಂದು ವೈದ್ಯರೇ ಹೇಳಬೇಕು. ಬೆಳಿಗ್ಗೆ ಎದ್ದ ಕೂಡಲೇ ತಲೆನೋವು, ವಾಂತಿ, ಅದರ ಜೊತೆಗೆ ನಡಿಗೆ ದಿನೇದಿನೇ ಕೆಡುತ್ತಿದ್ದರೆ ಕಿರುಮೆದುಳಿನ ಬಳಿ ಗೆಡ್ಡೆ ಇಲ್ಲವೆಂದು ಖಚಿತವಾಗುವವರೆಗೆ ಸುಮ್ಮನಿರಬಾರದು.

ವಾರಗಳಿಂದ ತಿಂಗಳುಗಳಲ್ಲಿ ಬಂದದ್ದಕ್ಕೆ ವಾಸಿಯಾಗುವ ಕಾರಣಗಳು ಹೆಚ್ಚು. ನಮ್ಮ ದೊಡ್ಡಪ್ಪನ ಸಂಗತಿ ಇಲ್ಲಿ ಬರುತ್ತದೆ. ತೋಟಕ್ಕೆ ಹೋಗುವ ಹಾದಿಯಲ್ಲಿ, ಅಡಿಕೆ ಮರದ ಎರಡು ದಬ್ಬೆ ಜೋಡಿಸಿ ಕಟ್ಟಿದ ಸಂಕವೊಂದನ್ನು ಅವರು ಐವತ್ತು ವರ್ಷ ಗೊನೆ ಹೊತ್ತು ದಾಟಿದವರು. ಒಂದು ಮಳೆಗಾಲ ಕಳೆದ ಮೇಲೆ ಸಂಕದ ಈಚೆಗೇ ನಿಲ್ಲತೊಡಗಿದರು. ‘ಕಾಲಲ್ಲಿ ಕಸುವಿಲ್ಲ ಅಂತಲ್ಲ ಮಾರಾಯ, ನಾನು ಇಡೂ ಅಂದಲ್ಲಿ ಅದು ಇಡೂದಿಲ್ಲ’ ಎಂದರು. ಪೇಟೆಯ ವೈದ್ಯರು ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟ ಚೀಟಿಯಲ್ಲಿದ್ದದ್ದು ಅಟಾಕ್ಸಿಯಾ ಎಂಬ ಒಂದೇ ಪದ, ಅದರ ಮುಂದೊಂದು ಪ್ರಶ್ನಾರ್ಥಕ ಚಿಹ್ನೆ. ಚಿಹ್ನೆಯನ್ನು ನಾವು ಯಾರೂ ಗಮನಿಸಲಿಲ್ಲ. ಆ ರಾತ್ರಿ ಕಳೆಯುವಷ್ಟರಲ್ಲಿ ಮೊಮ್ಮಗಳ ಮದುವೆಗೆ ಇದರಿಂದ ಅಡ್ಡಿಯಾದೀತೇ ಎಂಬಲ್ಲಿಯವರೆಗೆ ಮಾತು ಮುಟ್ಟಿತ್ತು. ದೊಡ್ಡ ಆಸ್ಪತ್ರೆಯಲ್ಲಿ ನರವೈದ್ಯರು ಮೊದಲು ಕೇಳಿದ್ದು ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು. ಪ್ರಾಯದಲ್ಲಿ ತಲೆಗೆ ಪೆಟ್ಟು ಬಿದ್ದ ಲಾಗಾಯ್ತು ಅವರು ಫಿಟ್ಸ್‌ಗೆ ಫೆನಿಟಾಯಿನ್ ಸೇವಿಸುತ್ತಿದ್ದರು, ಕೆಲವು ತಿಂಗಳ ಹಿಂದೆ ಅದರ ಪ್ರಮಾಣ ಏರಿತ್ತು. ಈ ಔಷಧಿಯ ಸ್ವಭಾವವೇ ಹಾಗೆ: ಒಂದು ಮಟ್ಟ ದಾಟಿದ ಮೇಲೆ ಮಾತ್ರೆ ತುಸು ಹೆಚ್ಚಿಸಿದರೂ ರಕ್ತದಲ್ಲಿ ಅದು ಬಹಳ ಏರುತ್ತದೆ, ಏಕೆಂದರೆ ಯಕೃತ್ತು ಅದನ್ನು ಕರಗಿಸುವ ವೇಗಕ್ಕೊಂದು ಮಿತಿ ಇದೆ. ಒಂದು ಮಿಲಿಲೀಟರ್ ರಕ್ತಸಾರದಲ್ಲಿ 10ರಿಂದ 20 ಮೈಕ್ರೋಗ್ರಾಂ ಇರುವುದು ವಾಡಿಕೆಯ ಮಟ್ಟ. 20 ದಾಟಿದರೆ ಕಣ್ಣುಗುಡ್ಡೆ ಜಗ್ಗುವುದು, 30ರ ಆಸುಪಾಸಿನಲ್ಲಿ ಆಯ ತಪ್ಪುವುದು ಸಾಮಾನ್ಯ. ಅವರದು ಅಲ್ಲಿಯೇ ಇತ್ತು. ಪ್ರಮಾಣ ತಗ್ಗಿಸಿದ ಮೇಲೆ ಒಂದು ತಿಂಗಳೊಳಗೆ ಸಂಕ ದಾಟಿದರು. ನಾವು ಬಿದಿರಿನ ಹಿಡಿಗಂಬಿ ಕಟ್ಟಿದೆವು, ಅದನ್ನು ಅವರು ಇಂದಿಗೂ ಹಿಡಿಯುವುದಿಲ್ಲ.

ಇದನ್ನು ಓದಿ ಯಾರೂ ಫಿಟ್ಸ್ ಮಾತ್ರೆಯನ್ನು ತಾವೇ ನಿಲ್ಲಿಸಬಾರದು. ಹಠಾತ್ತಾಗಿ ನಿಲ್ಲಿಸಿದರೆ ಬಿಡದೆ ಬರುವ ಫಿಟ್ಸ್ ಪ್ರಾಣಕ್ಕೇ ಎರವಾಗಬಹುದು. ಹಾಗೆಂದು ಆಯ ತಪ್ಪುವುದನ್ನು ವರ್ಷಗಟ್ಟಲೆ ಸಹಿಸಿಕೊಂಡೂ ಇರಬಾರದು, ಹೆಚ್ಚಿನ ಪ್ರಮಾಣ ಬಹಳ ಕಾಲ ಮುಂದುವರಿದರೆ ಕಿರುಮೆದುಳಿಗೆ ಶಾಶ್ವತ ಹಾನಿಯಾಗಬಹುದು. ಮನೋರೋಗಕ್ಕೆ ಕೊಡುವ ಲಿಥಿಯಂ ಇನ್ನೊಂದು ಅಂಥದೇ ಔಷಧಿ.

ಬಿ12 ಜೀವಸತ್ವದ ಕೊರತೆ ಮತ್ತೊಂದು ಕಾರಣ. ಮಾಂಸ, ಮೊಟ್ಟೆ ತಿನ್ನದವರಲ್ಲಿ, ಹಾಲು ಮೊಸರೂ ಕಡಿಮೆ ಇರುವವರಲ್ಲಿ ಇದು ಹೆಚ್ಚು. ಪಾದದ ಸುದ್ದಿ ಒಯ್ಯುವ ಬೆನ್ನುಹುರಿಯ ಹಾದಿಯೇ ಇದರಿಂದ ಕೆಡುತ್ತದೆ. ಇಲ್ಲಿ ಮಾಡುವ ಸಾಮಾನ್ಯ ತಪ್ಪೆಂದರೆ, ಯಾರೋ ಹೇಳಿದರೆಂದು ನಾಲ್ಕು ‘ನರದ ಇಂಜೆಕ್ಷನ್’ ಚುಚ್ಚಿಸಿಕೊಂಡು ಆಮೇಲೆ ರಕ್ತ ಪರೀಕ್ಷೆಗೆ ಹೋಗುವುದು. ಆಗ ವರದಿ ಸರಿಯಾಗಿಯೇ ಬರುತ್ತದೆ, ಕಾರಣ ಮುಚ್ಚಿಹೋಗುತ್ತದೆ. ಮೊದಲು ರಕ್ತ ಕೊಟ್ಟು ಆಮೇಲೆ ಇಂಜೆಕ್ಷನ್. ಅಂಥ ಟಾನಿಕ್ ಮಾತ್ರೆಗಳಲ್ಲಿರುವ ಬಿ6 ಜೀವಸತ್ವವನ್ನು ಹೆಚ್ಚಿನ ಪ್ರಮಾಣದಲ್ಲಿ ಬಹುಕಾಲ ನುಂಗಿದರೆ ಅದೇ ಸಂವೇದನೆಯ ನರಗಳನ್ನು ಕೆಡಿಸಿ ಅಟಾಕ್ಸಿಯಾ ತರಬಲ್ಲದು ಎಂಬುದು ನರದ ಹೆಸರಿನಲ್ಲಿ ಮಾತ್ರೆ ನುಂಗುವವರಿಗೆ ತಿಳಿದಿರಲಿ. ಥೈರಾಯ್ಡ್ ಕೊರತೆ, ಇ ಜೀವಸತ್ವದ ಕೊರತೆಗಳನ್ನೂ ರಕ್ತದಲ್ಲೇ ಕಂಡುಹಿಡಿಯಬಹುದು. ವರ್ಷಗಳಿಂದ ಕುಡಿಯುವವರು ಊಟ ಬಿಟ್ಟು, ಕಣ್ಣು ಸರಿಯಾಗಿ ಹೊರಳದೆ, ಮಾತು ಗೊಂದಲವಾಗಿ ತೂರಾಡತೊಡಗಿದರೆ ಅದು ಬಿ1 ಜೀವಸತ್ವವನ್ನು ತಕ್ಷಣ ಕೊಡಬೇಕಾದ ತುರ್ತುಸ್ಥಿತಿ ಇರಬಹುದು. ಮರ್ಯಾದೆಗಂಜಿ ಕುಡಿತದ ವಿಷಯ ಮುಚ್ಚಿಟ್ಟರೆ ಚಿಕಿತ್ಸೆಯೇ ತಪ್ಪುತ್ತದೆ.

ವರ್ಷಗಳಿಂದ ನಿಧಾನವಾಗಿ ಬಂದಿದ್ದರೆ

ವಂಶವಾಹಿಯ ಮಾತು ಬರುವುದು ಇಲ್ಲಿ, ಮೇಲಿನವೆಲ್ಲ ಅಲ್ಲವೆಂದಾದ ಮೇಲೆ. ಹೈಡೆಲ್‌ಬರ್ಗಿನ ವೈದ್ಯ ನಿಕೊಲಾಸ್ ಫ್ರೀಡ್ರೈಖ್ 1863ರಲ್ಲಿ ವಿವರಿಸಿದ ಅಟಾಕ್ಸಿಯಾ ಸಾಮಾನ್ಯವಾಗಿ ಬಾಲ್ಯದಲ್ಲೋ ಹರೆಯದಲ್ಲೋ ಶುರುವಾಗುತ್ತದೆ. ಅದರ ಜೀನ್ ಪತ್ತೆಯಾದದ್ದು 1996ರಲ್ಲಿ. ಇದರಲ್ಲಿ ಹೃದಯದ ಸ್ನಾಯು ಮತ್ತು ಸಕ್ಕರೆಯ ಅಂಶವೂ ಕೆಡಬಹುದಾದ್ದರಿಂದ ಇಸಿಜಿ, ಎಕೋ ಮಾಡಿಸಿದರೆ ‘ಕಾಲಿನ ತೊಂದರೆಗೆ ಎದೆ ಏಕೆ ನೋಡುತ್ತಾರೆ’ ಎಂದು ಅನುಮಾನಿಸಬಾರದು. ಕೆಟ್ಟ ಜೀನ್ ತಂದೆತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಈ ಕಾಯಿಲೆ. ಹೆತ್ತವರು ಆರೋಗ್ಯವಾಗಿಯೇ ಇರುತ್ತಾರೆ, ಪ್ರತಿ ಮಗುವಿಗೂ ಬರುವ ಸಂಭವ ನಾಲ್ಕರಲ್ಲಿ ಒಂದು. ಸೋದರಮಾವ, ಅತ್ತೆಯ ಮಗ ಎಂದು ಸಂಬಂಧದಲ್ಲೇ ಮದುವೆಯಾಗುವ ನಮ್ಮಂಥ ಕಡೆ ಈ ಬಗೆಯ ಕಾಯಿಲೆಗಳ ಸಂಭವ ಹೆಚ್ಚುವುದರಿಂದ ವೈದ್ಯರು ಅದನ್ನು ಕೇಳಿಯೇ ಕೇಳುತ್ತಾರೆ. 2023ರ ಫೆಬ್ರುವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಕಾಯಿಲೆಗೆ, 16 ವರ್ಷ ಮೇಲ್ಪಟ್ಟವರಿಗೆ, ಒಮವೆಲೊಕ್ಸೊಲೋನ್ ಎಂಬ ಔಷಧಿಯನ್ನು ಒಪ್ಪಿತು. ಅದು ಗತಿಯನ್ನು ನಿಧಾನಗೊಳಿಸುವಂಥದು, ವಾಸಿಮಾಡುವಂಥದಲ್ಲ.

ನಡುವಯಸ್ಸಿನಲ್ಲಿ ಶುರುವಾಗಿ ಪ್ರತಿ ತಲೆಮಾರಿನಲ್ಲೂ ಕಾಣುವವು ಹೆಚ್ಚಾಗಿ ಸ್ಪೈನೋಸೆರಿಬೆಲ್ಲಾರ್ ಅಟಾಕ್ಸಿಯಾಗಳು; ಎಸ್‌ಸಿಎ 1, 2, 3 ಎಂದು ನಲವತ್ತಕ್ಕೂ ಹೆಚ್ಚು ಸಂಖ್ಯೆಗಳಿವೆ. ಭಾರತದಲ್ಲಿ ಎಸ್‌ಸಿಎ 2 ಮತ್ತು 1 ಹೆಚ್ಚಾಗಿ ಕಾಣುವಂಥವು. ಕೈನಡುಕದಿಂದ ಶುರುವಾಗುವ ಎಸ್‌ಸಿಎ 12 ಉತ್ತರ ಭಾರತದ ಅಗರವಾಲ ಸಮುದಾಯದಲ್ಲಿ ವಿಶೇಷವಾಗಿ ಕಂಡುಬಂದಿದೆ. ಇಲ್ಲಿ ಒಬ್ಬ ಪೋಷಕರಿಂದ ಬಂದರೂ ಸಾಕು, ಸಂಭವ ಎರಡರಲ್ಲಿ ಒಂದು. ಇವುಗಳಲ್ಲಿ ಹಲವು ಡಿಎನ್‌ಎಯ ಒಂದು ಸಣ್ಣ ತುಣುಕು ಬೇಕಾದದ್ದಕ್ಕಿಂತ ಹೆಚ್ಚು ಸಲ ಪುನರಾವರ್ತನೆಯಾಗುವುದರಿಂದ ಬರುವಂಥವು. ಸಾವಿರಾರು ರೂಪಾಯಿ ತೆತ್ತು ಮಾಡಿಸುವ ವಾಡಿಕೆಯ ಎಕ್ಸೋಮ್ ಪರೀಕ್ಷೆ, ಅಂದರೆ ಜೀನ್‌ಗಳ ಮುಖ್ಯ ಭಾಗಗಳನ್ನು ಒಟ್ಟಿಗೇ ಓದುವ ಪರೀಕ್ಷೆ, ಈ ಪುನರಾವರ್ತನೆಗಳನ್ನು (ರಿಪೀಟ್ ಎಕ್ಸ್‌ಪ್ಯಾನ್ಶನ್) ತಪ್ಪಿಸಿಬಿಡಬಹುದು. ಆದ್ದರಿಂದ ಖಾಸಗಿ ಲ್ಯಾಬಿಗೆ ಹಣ ಕಟ್ಟುವ ಮೊದಲು ‘ಈ ಪರೀಕ್ಷೆಯಲ್ಲಿ ರಿಪೀಟ್ ಎಕ್ಸ್‌ಪ್ಯಾನ್ಶನ್ ಕೂಡ ನೋಡುತ್ತಾರೆಯೇ’ ಎಂಬ ಒಂದು ಪ್ರಶ್ನೆಯನ್ನು ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆಯ ನರವೈದ್ಯರಿಗೆ ಕೇಳಿ. ಲಕ್ಷಣವಿಲ್ಲದ ಚಿಕ್ಕ ಮಕ್ಕಳಿಗೆ ಮುಂಜಾಗ್ರತೆಯ ಹೆಸರಿನಲ್ಲಿ ಇದನ್ನು ಮಾಡಿಸಬಾರದು. ದೊಡ್ಡವರಾದ ಮೇಲೆ ತಿಳಿಯಬೇಕೋ ಬೇಡವೋ ಎಂದು ಅವರೇ ನಿರ್ಧರಿಸಲಿ.

ವೈದ್ಯರ ಬಳಿಗೆ ಹೋಗುವಾಗ

ಮಾತ್ರೆಗಳ ಹೆಸರು ಬರೆದುಕೊಂಡು ಹೋಗುವುದಕ್ಕಿಂತ ಪಟ್ಟಿಗಳನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ, ನಾಟಿ ಔಷಧಿ, ಟಾನಿಕ್ ಸೇರಿ. ನಡೆಯುವ, ತಿರುಗುವ, ಮಾತಾಡುವ ಒಂದು ನಿಮಿಷದ ವಿಡಿಯೊ ಮೊಬೈಲಿನಲ್ಲಿರಲಿ. ಅಜ್ಜ ಅಜ್ಜಿಯವರೆಗಿನ ವಂಶವೃಕ್ಷವನ್ನು ಒಂದು ಹಾಳೆಯಲ್ಲಿ ಬರೆದು, ಯಾರಿಗೆ ‘ಕಾಲು ಸರಿ ಇರಲಿಲ್ಲ’, ಯಾರು ಮದುವೆಯ ಮೊದಲೇ ಸಂಬಂಧಿಕರು ಎಂದು ಗುರುತುಮಾಡಿ. ‘ಅವನು ಕುಡಿದು ಕುಡಿದೇ ಹೋದ’ ಎಂದು ಎಲ್ಲರೂ ಹೇಳುವ ಚಿಕ್ಕಜ್ಜ ನಿಜವಾಗಿ ಕುಡಿಯುತ್ತಿದ್ದನೇ ಎಂದು ಮನೆಯ ಹಿರಿಯರನ್ನು ಇನ್ನೊಮ್ಮೆ ಕೇಳಿ ನೋಡುವುದೂ ಉಂಟು.

ದಿನನಿತ್ಯದ ಏರ್ಪಾಡು

ಕಾರಣ ಯಾವುದೇ ಇರಲಿ, ಅಭ್ಯಾಸದಿಂದ ಪ್ರಯೋಜನವಿದೆ. 19ನೆಯ ಶತಮಾನದ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ಹೈಡನ್ ಎಂಬ ಊರಿನ ವೈದ್ಯ ಹೈನ್ರಿಖ್ ಫ್ರೆಂಕೆಲ್, ಕಾಲಿನ ಅರಿವು ಕಳೆದುಕೊಂಡವರಿಗೆ ಕಣ್ಣಿನಿಂದ ನೋಡುತ್ತ, ಎಣಿಸುತ್ತ, ನಿಧಾನವಾಗಿ ಮಾಡುವ ವ್ಯಾಯಾಮಗಳನ್ನು ರೂಪಿಸಿದರು. ಮಲಗಿ ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಎಳೆದು ಮೊಣಕಾಲು ಮಡಿಸುವುದು, ಅರ್ಧದಲ್ಲಿ ನಿಲ್ಲಿಸುವುದು, ಮತ್ತೆ ಚಾಚುವುದು. ಬಳಿಕ ಕುಳಿತು, ಬಳಿಕ ನಿಂತು. ಫಿಸಿಯೋಥೆರಪಿಸ್ಟರು ಇಂದಿಗೂ ಅವರ ಹೆಸರಿನಲ್ಲೇ ಇವನ್ನು ಹೇಳಿಕೊಡುತ್ತಾರೆ. ಇಲ್ಲಿ ಜೋರಿಗಿಂತ ನಿಖರತೆ ಮುಖ್ಯ. ದಣಿದ ಮೇಲೆ ಮಾಡಿದ ಹತ್ತು ಸಲಕ್ಕಿಂತ ಸರಿಯಾಗಿ ಮಾಡಿದ ನಾಲ್ಕು ಸಲ ಮೇಲು.

ಮನೆಯಲ್ಲಿ ಮೊದಲು ಬದಲಾಯಿಸಬೇಕಾದದ್ದು ಕಾಲಿನ ಹವಾಯಿ ಚಪ್ಪಲಿ. ಹಿಂದೆ ಪಟ್ಟಿಯಿರುವ, ಅಡಿ ಜಾರದ ಪಾದರಕ್ಷೆ ತನ್ನಿ. ಹೊಸ್ತಿಲಿಗೆ ನೆಲಕ್ಕಿಂತ ಬೇರೆ ಬಣ್ಣ ಬಳಿದರೆ ಎಡವುವುದು ಕಡಿಮೆ. ಬಚ್ಚಲಲ್ಲಿ ಗೋಡೆಗೆ ಹಿಡಿಕೆ ಹಾಕಿಸಿ, ಮಣೆಯ ಬದಲು ಎತ್ತರದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತೇ ಸ್ನಾನ ಮಾಡಲಿ. ಕುಕ್ಕರುಗಾಲಿನ ಶೌಚಾಲಯಕ್ಕೆ ಕಮೋಡ್ ಕುರ್ಚಿ ಬೇಕು. ರಾತ್ರಿ ಹಾಸಿಗೆಯಿಂದ ಬಚ್ಚಲವರೆಗೆ ಸಣ್ಣ ದೀಪವೊಂದು ಉರಿಯುತ್ತಲೇ ಇರಲಿ. ನಡೆಯುವಾಗ ಹಿಂದಿನಿಂದ ಕೂಗಿ ಮಾತಾಡಿಸಬೇಡಿ: ನಡಿಗೆಯ ಲೆಕ್ಕವನ್ನು ಅವರು ಯೋಚಿಸಿ ಯೋಚಿಸಿ ಹಾಕುತ್ತಿರುತ್ತಾರೆ, ಮಾತಿಗೆ ತಿರುಗಿದರೆ ಹೆಜ್ಜೆ ತಪ್ಪುತ್ತದೆ. ಕೋಲು ಎಲ್ಲರಿಗೂ ಆಗಿಬರುವುದಿಲ್ಲ, ಕೋಲನ್ನೇ ಸರಿಯಾದ ಜಾಗದಲ್ಲಿ ಊರಲಾಗದವರಿಗೆ ತುಸು ಭಾರದ ವಾಕರ್ ಮೇಲು; ಇದನ್ನು ಅಂಗಡಿಯವರ ಮಾತು ಕೇಳಿ ಕೊಳ್ಳದೆ ಫಿಸಿಯೋಥೆರಪಿಸ್ಟರ ಮುಂದೆ ನಡೆದು ನೋಡಿ ತೆಗೆದುಕೊಳ್ಳಬೇಕು.

ಊಟದಲ್ಲಿ ಎಚ್ಚರಿಕೆ ಹೆಚ್ಚು ಬೇಕಾದದ್ದು ನೀರಿನಂಥ ತೆಳು ಪದಾರ್ಥಗಳ ಬಗ್ಗೆ. ಮಜ್ಜಿಗೆ, ಸಾರು ಕುಡಿಯುವಾಗ ಕೆಮ್ಮು ಬರುತ್ತಿದ್ದರೆ, ಊಟವಾದ ಮೇಲೆ ಗಂಟಲು ಗೊರಗೊರ ಎನ್ನುತ್ತಿದ್ದರೆ ಆಹಾರ ಶ್ವಾಸನಾಳಕ್ಕೆ ಇಳಿಯುತ್ತಿರಬಹುದು. ನೆಟ್ಟಗೆ ಕುಳಿತು, ಗದ್ದ ತುಸು ಬಗ್ಗಿಸಿ, ಸಣ್ಣ ಗುಟುಕು ಕುಡಿಯುವುದನ್ನು ವಾಕ್ ಚಿಕಿತ್ಸಕರು ಅಭ್ಯಾಸ ಮಾಡಿಸುತ್ತಾರೆ. ಕೆಲವರಿಗೆ ಗಂಜಿಯಷ್ಟು ಗಟ್ಟಿ ಮಾಡಿ ಕೊಡಲು ಹೇಳುತ್ತಾರೆ. ತಲೆಯೆತ್ತಿ ಲೋಟವನ್ನು ಎತ್ತರದಿಂದ ಸುರಿದುಕೊಂಡು ಕುಡಿಯುವ ನಮ್ಮ ರೂಢಿಯನ್ನು ಇಂಥವರು ಬಿಡಬೇಕು.

ತೊಂದರೆ ಉಳಿಯುವಂಥದೇ ಆಗಿದ್ದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿಗೆ) ಅರ್ಜಿ ಹಾಕಬಹುದು. ಹಲವು ಸೌಲಭ್ಯಗಳಿಗೆ ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯ ಎಂದು ದಾಖಲಾಗಿರಬೇಕು. ಅದಲ್ಲದೆ ಜೇಬಿನಲ್ಲಿ ಒಂದು ಚೀಟಿ ಇಟ್ಟುಕೊಳ್ಳುವುದು ಅಟಾಕ್ಸಿಯಾ ಇರುವವರಿಗೆ ಬಹಳ ಉಪಯೋಗ, ಏಕೆಂದರೆ ಬಸ್ಸಿನಲ್ಲಿ, ಅಂಗಡಿಯಲ್ಲಿ, ಪೊಲೀಸರ ಮುಂದೆ ಅವರ ನಡಿಗೆಯೂ ಮಾತೂ ಒಟ್ಟಿಗೇ ಅವರ ಮೇಲೆ ಚಾಡಿ ಹೇಳುತ್ತವೆ. ದಪ್ಪ ಅಕ್ಷರಗಳಲ್ಲಿ ಹೀಗೆ ಬರೆದರೆ ಸಾಕು: ‘ನನಗೆ ಅಟಾಕ್ಸಿಯಾ ಎಂಬ ತೊಂದರೆ ಇದೆ. ಇದರಿಂದ ನಡಿಗೆ ತೂರಾಡುತ್ತದೆ, ಮಾತು ತೊದಲುತ್ತದೆ. ನಾನು ಕುಡಿದಿಲ್ಲ. ನೀವು ಹೇಳುವುದು ನನಗೆ ಪೂರ್ತಿ ಅರ್ಥವಾಗುತ್ತದೆ. ದಯವಿಟ್ಟು ಕುಳಿತುಕೊಳ್ಳಲು ಜಾಗ ಕೊಡಿ, ಈ ಸಂಖ್ಯೆಗೆ ಕರೆ ಮಾಡಿ.’ ಕೆಳಗೆ ಮನೆಯವರ ಫೋನ್ ಸಂಖ್ಯೆ, ಸೇವಿಸುತ್ತಿರುವ ಔಷಧಿಗಳ ಹೆಸರು.